ಎಸ್ಸು ಕೂತ ಜಾಗ

ಏಳನೇ ಬಿ ತರಗತಿಯ ಮಿಸ್ರಿಯಾ
ಐಲ್ಯಾಂಡಿನ ಎಸ್ಸು ಬಿಟ್ಟು ಬರೆದಿದ್ದಳು.
ಕೆಂಪಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆದೆ.
ಪೇಪರು ಹಿಡಿದು ಮೇಜಿನ ಬಳಿ ಬಂದಳು:
“ಯಾರೂ ಕರೆಯದವ ಅಲ್ಲಿ ಎಂತಕ್ಕೆ ಕೂತದ್ದು ಮಾಷೆ?”
ಗಂಟೆ ಹೊಡೆಯಿತು. ಬಚಾವು.

ರಾತ್ರಿ, ಮೊಗ್ರಾಲಿನ ಬಾಡಿಗೆ ಕೋಣೆಯಲ್ಲಿ
ಬೆನ್ನು ಹರಿದ ನಿಘಂಟು ಬಿಡಿಸಿದೆ.
ಐಲ್, ಐಲ್ಯಾಂಡ್:
ಒಂದೇ ಪುಟ, ಒಂದೇ ಅರ್ಥ, ಒಂದೇ ಮೂಗು.
ಒಡಹುಟ್ಟಿದವೆಂದೇ ನಂಬಿದ್ದೆ ಇಪ್ಪತ್ತೆರಡು ವರ್ಷ,
ಹಾಗೆಂದು ಪಾಠವನ್ನೂ ಮಾಡಿದ್ದೆ.

ಅಲ್ಲವಂತೆ.
ಐಲ್ ಲ್ಯಾಟಿನಿನ ಮನೆಯದು. ಇನ್ಸುಲಾ ಆಗಿ ಹೊರಟು
ಫ್ರಾನ್ಸಿನ ದಾರಿಯಲ್ಲಿ ಎಸ್ಸಿನ ಸದ್ದು ಉದುರಿಸಿಕೊಂಡು ಬಂದದ್ದು.
ಇನ್ಸುಲಾದ ಹಿಂದೆ?
ಉಪ್ಪುನೀರಿನೊಳಗಿನದು ಅನ್ನುತ್ತಾರೆ ಕೆಲವರು,
ಗೊತ್ತಿಲ್ಲ ಅನ್ನುತ್ತಾರೆ ತಿಳಿದವರು.
ಐಲ್ಯಾಂಡಿನದು ಬಡಗಣ ಚಳಿಯ ಒಕ್ಕಲು.
ಈಯ್ ಅಂದರೆ ನೀರಿನದು, ಅದರ ಬೆನ್ನಿಗೆ ನೆಲ ಕಟ್ಟಿ
ಈಯ್‌ಲಂಡ್.
ಎಸ್ಸಿನ ಸುಳಿವೇ ಇಲ್ಲ ಅಲ್ಲಿ.

ಐನೂರು ವರ್ಷದ ಕೆಳಗೆ ಯಾರೋ ಪಂಡಿತ
ಎರಡರ ಮೋರೆ ನೋಡಿ ಸಂಬಂಧ ಹೇಳಿದ,
ಐಲಿನ ಎಸ್ಸು ತಂದು ಇದರ ಹೊಟ್ಟೆಗೆ ತುರುಕಿದ.
ಅಂದಿನಿಂದ ಅದು ಕೂತಿದೆ,
ನೆಂಟಸ್ತಿಕೆಯಿಲ್ಲದ ಮದುವೆಯಲ್ಲಿ
ಮೊದಲ ಪಂಕ್ತಿಗೇ ಕೂತವನ ಹಾಗೆ:
ಯಾರ ಕಡೆಯವ ಎನ್ನಲು ಬಡಿಸುವವರಿಗೆ ನಾಚಿಕೆ,
ಏಳಲು ಅವನಿಗೆ.

ನಮ್ಮ ದ್ವೀಪವೂ ಸಣ್ಣ ಪ್ರಾಣಿಯಲ್ಲ.
ಇಬ್ಬದಿ ನೀರು, ಅದು ಸಂಸ್ಕೃತದ ಲೆಕ್ಕ.
ಸುತ್ತಲಿನ ನೀರನ್ನು ಎರಡೆಂದು ಎಣಿಸಿದವ
ಕಡಲು ಕಂಡವನಲ್ಲ, ಹೊಳೆಯವನೇ ಇರಬೇಕು.

ಮರುದಿನ ಇಷ್ಟನ್ನೂ ಹೇಳಿದೆ. ಮಿಸ್ರಿಯಾಗೆ ಆಶ್ಚರ್ಯವೇ ಇಲ್ಲ.
“ನಮ್ಮಲ್ಲಿ ಕುದುರೆ ಬಂದ ಹಾಗೆ” ಅಂದಳು.

ಅವಳ ಮನೆ ಕುದುರುಪಾಡಿ. ಶಿರಿಯಾ ಹೊಳೆ
ಎರಡಾಗಿ ಒಡೆದು ಮತ್ತೆ ಕೂಡುವಲ್ಲಿ
ಹನ್ನೊಂದು ಮನೆ, ಒಂದು ಸ್ರಾಂಬಿ, ಬಲೆ ಒಣಗುವ ತೆಂಗು.
ತುಳುವಿನವರಿಗೆ ಕುದ್ರು, ಅವಳ ಉಮ್ಮನಿಗೆ ತುರುತ್ತ್,
ಕನ್ನಡ ಪುಸ್ತಕಕ್ಕೆ ನಡುಗಡ್ಡೆ.
ಪಂಚಾಯತಿನ ಬೋರ್ಡು ಬರೆಯಲು ತೆಂಕಣಿಂದ ಬಂದವನಿಗೆ
ಕುದುರು ಗೊತ್ತಿರಲಿಲ್ಲ, ಕುದುರೆ ಗೊತ್ತಿತ್ತು.
ರಕಾರದ ಕೊಂಬು ಕಿತ್ತ, ಎತ್ವ ಏರಿಸಿದ.
ಕೊಂಬು ಕಿತ್ತರೆ ಕುದುರೆ,
ನ್ಯಾಯವೇ.
ಕೆಳಗಿನ ಸಾಲಿನಲ್ಲಿ, ಮಲಯಾಳದಲ್ಲಿ, ಕುದಿರಪ್ಪಾಡಿ.

ಈಗ ಕಡವಿನ ಬಂಡೆಯ ಮೇಲೆ ಗೊರಸಿನ ಗುರುತುಂಟು.
ಒಬ್ಬರ ಬಾಯಲ್ಲಿ ಅದು ಸುಲ್ತಾನನ ಕುದುರೆ,
ಇನ್ನೊಬ್ಬರ ಬಾಯಲ್ಲಿ ಬಲ್ಲಾಳನದು, ಬಿಳಿ, ಎಡಗಾಲು ಕುಂಟು.
ಮಿಸ್ರಿಯಾಳ ತಮ್ಮ ಅದರ ಕೆನೆತ ಕೇಳಿದ್ದಾನೆ.
ನಾನೂ ನೋಡಿದೆ, ಬೆರಳಿಟ್ಟು.
ಸುಳ್ಳು ಅಕ್ಷರದ ಗುಳಿ,
ನಿಜವಾದ ಮಳೆನೀರು ಅದರಲ್ಲಿ.

ಬೋರ್ಡು ತಿದ್ದಿಸಲು ಅರ್ಜಿ ಬರೆದಿದ್ದೆ.
ಕಳಿಸಲಿಲ್ಲ.
ಹೊಟ್ಟೆಯಲ್ಲಿ ಎಸ್ಸಿಟ್ಟುಕೊಂಡೇ ಆ ಮಾತು
ಐನೂರು ವರ್ಷ ಕಡಲು ದಾಟಿಲ್ಲವೇ ಎಂದುಕೊಂಡೆ.
ಅಥವಾ ಸೋಮಾರಿತನ. ಹೇಳಲಾರೆ.

ಸಂಜೆ ಹಿಂತಿರುಗುವಾಗ ದೋಣಿಯಲ್ಲಿ ನಾನೊಬ್ಬನೇ.
ಶುಕ್ರವಾರ ಹುಟ್ಟಿದ ತುಕ್ರ ಜಲ್ಲೆ ಊರುತ್ತಿದ್ದ.
ಮರಳು ತೆಗೆದು ತೆಗೆದು ಕುದುರು ಸಣ್ಣದಾಗಿದೆ ಎಂದ,
ಅವನ ಅಪ್ಪ ಕಟ್ಟಿದ್ದ ಗೂಟ ಈಗ ನೀರೊಳಗೆ.
ಸುಮ್ಮನೆ ಕೇಳಿದ: “ಇದಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳುವುದು?”
ಹೇಳಿದೆ.
ಜಲ್ಲೆ ಎತ್ತುತ್ತ ಎರಡು ಸಲ ಅಂದುಕೊಂಡ:
ಐಲ್ಯಾಂಡ್. ಐಲ್ಯಾಂಡ್.
ಓದು ಬಾರದ ಅವನ ಬಾಯಲ್ಲಿ
ಎಸ್ಸು ಇನ್ನೂ ಹುಟ್ಟಿಯೇ ಇರಲಿಲ್ಲ,
ಪಂಡಿತನೂ.
ಬರೀ ನೀರು, ಅದರಲ್ಲೊಂದಿಷ್ಟು ನೆಲ.

ಮಿಸ್ರಿಯಾಳ ಅರ್ಧ ಅಂಕ ನನ್ನ ಜೇಬಿನಲ್ಲಿತ್ತು,
ಕೊಡಬೇಕೋ ಬೇಡವೋ ತಿಳಿಯದೆ
ದಡ ಬಂತು.